ಅಂಚಿನಲ್ಲಿ ನಿಂತವಳು

ಅಡಾರ್ಕ್ವಾ ತೀರಿಕೊಂಡ ಹನ್ನೆರಡನೆಯ ದಿನ, ಅವನ ಅಕ್ಕ ಬೋಟೆಮಾಳ ಮುಂಗೋಣೆಯಲ್ಲಿದ್ದ ಪ್ರಿಂಟರು ಅವನ ಮುಖವನ್ನು ಹಾಳೆಯ ಮೇಲೆ ಮೂಡಿಸಿ ಹೊರಕ್ಕೆ ತಳ್ಳಿತು. ಚಿತ್ರ ಚೆನ್ನಾಗಿಯೇ ಬಂದಿತ್ತು. ಆದರೆ ನಾಲ್ಕೂ ಕಡೆ ಕಿರುಬೆರಳಿನ ಉಗುರಿನಷ್ಟು ಅಗಲಕ್ಕೆ ಬಿಳಿ ಅಂಚು ಉಳಿದಿತ್ತು.

ಕುಲದ ಯಜಮಾನ ಅಂಪೋಫೊ ಹಾಳೆಯನ್ನು ಕಣ್ಣಿನಿಂದ ದೂರ ಹಿಡಿದು ನೋಡಿದ. ಸತ್ತವನಿಗೆ ಅವನು ಸೋದರಮಾವ.

“ಏನಮ್ಮ ಬೋಟೆಮಾ, ಯಾರ ಮನೆ ಮದುವೆ ಇದು?”

“ಹಾಗಂದ್ರೇನು ಮಾವ? ತಮ್ಮನ ಶವಸಂಸ್ಕಾರದ ಪುಸ್ತಕದ ಮುಖಪುಟ.”

“ಮತ್ತೆ ಈ ಬಿಳಿ ಯಾಕೆ? ನನ್ನ ಅಳಿಯ ಏನು ಮರಿಮೊಮ್ಮಕ್ಕಳನ್ನ ಕಂಡು ಹೋದ ಮುದುಕನಾ? ನಲವತ್ತೊಂದಕ್ಕೆ ಟೆಚಿಮಾನ್ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಹೋದವನು. ನೋಡಿದವರು ಏನಂತಾರೆ? ಹುಡುಗ ಸತ್ತದ್ದು ಈ ಮನೆಯವರಿಗೆ ಸಂತೋಷವಾಗಿದೆ ಅಂತಾರೆ.”

ತುಂಬು ಬಾಳು ಬಾಳಿ ಹೋದವರಿಗಷ್ಟೇ ಕುಮಾಸಿ ನಗರದಲ್ಲಿ ಬಿಳಿ ಸಲ್ಲುತ್ತದೆ. ಅಕಾಲದಲ್ಲಿ ಹೋದವನಿಗೆ ಕೆಂಪು ಮತ್ತು ಕಪ್ಪು. ಈ ಬಗೆಯ ಮರ್ಯಾದೆಗಳ ವಿಷಯದಲ್ಲಿ ಅಂಪೋಫೊನ ಕಣ್ಣು ಬಹಳ ಸೂಕ್ಷ್ಮವಾದುದು. ಕೂದಲೆಳೆಯಷ್ಟು ತಪ್ಪೂ ಅವನಿಗೆ ಕಾಣುತ್ತಿತ್ತು. ಅದೇ ಕಣ್ಣಿಗೆ ಒಬ್ಬ ಇಡೀ ಹೆಂಗಸು ಕಾಣದೆ ಹೋದದ್ದು ಹೇಗೆಂಬುದನ್ನು ಹೇಳುವುದಕ್ಕಾಗಿಯೇ ಈ ಕಥೆ.

ಪ್ರಿಂಟರು ನಡೆಸುತ್ತಿದ್ದವಳು ಬೋಟೆಮಾಳ ಮಗಳು ಅಡೋಮಾ. ಹತ್ತೊಂಬತ್ತರ ಹುಡುಗಿ, ನರ್ಸಿಂಗ್ ಕಾಲೇಜಿಗೆ ಸೇರುವವರೆಗೆ ತಾಯಿಗೆ ನೆರವಾಗಿದ್ದಳು. ಹಳೇ ಟಾಫೊ ಬಡಾವಣೆಯಲ್ಲಿ ಯಾರು ಸತ್ತರೂ, ವಾರಗಳ ಬಳಿಕ ಶವಾಗಾರದಿಂದ ದೇಹ ತಂದು ಸಂಸ್ಕಾರ ಮಾಡುವ ದಿನ ಹಂಚಲು ಅವರ ಜೀವನಚರಿತ್ರೆ, ಬಂಧುಗಳ ಪಟ್ಟಿ, ಚಿತ್ರಗಳಿರುವ ಪುಸ್ತಕ ಅಚ್ಚಾಗುತ್ತಿದ್ದುದು ಈ ಮುಂಗೋಣೆಯಲ್ಲಿಯೇ.

“ಅಜ್ಜ, ಬಿಳಿ ತಾನೆ? ಕತ್ತರಿಸಿಬಿಡ್ತೀನಿ,” ಎಂದಳು ಅಡೋಮಾ. ಅಳತೆಪಟ್ಟಿಯಿಟ್ಟು ನಾಲ್ಕೂ ಅಂಚು ಕೊಯ್ದು ಕೈಗಿತ್ತಳು. ಹಾಳೆ ಕಿರಿದಾಯಿತು.

“ಇದು ಶವಕ್ಕಿಂತ ಚಿಕ್ಕ ಪೆಟ್ಟಿಗೆ ಮಾಡಿಸಿದ ಹಾಗಿದೆ,” ಎಂದ ಅಂಪೋಫೊ. “ಹೋದ ತಿಂಗಳು ಆ ಬೇಕರಿಯವನ ಪುಸ್ತಕ ನೋಡಿದ್ಯಾ? ಅಂಚಿನಿಂದ ಅಂಚಿಗೆ ಮುಖ. ನಮ್ಮವನೇನು ಅವನಿಗಿಂತ ಕಡಿಮೆಯಾ?”

ಅಷ್ಟರಲ್ಲಿ ಅಂಗಳದಿಂದ ಒನಕೆಯ ಸದ್ದು ನಿಂತಿತು. ಸತ್ತವನ ಹೆಂಡತಿ ಲರಿಬಾ ಫುಫುವಿನ ತಟ್ಟೆಯನ್ನೂ ಮೇಕೆಮಾಂಸದ ಸಾರಿನ ಪಾತ್ರೆಯನ್ನೂ ತಂದು ಅಂಪೋಫೊನ ಮುಂದಿಟ್ಟಳು. ಕೈತೊಳೆಯಲು ನೀರು ಹಿಡಿದು ನಿಂತಳು ಅವಳ ಮಗಳು, ಹನ್ನೊಂದರ ಫ್ರೆಮಾ. ಹದಿನಾಲ್ಕು ವರ್ಷದಿಂದ ಈ ಮನೆಯ ಮರಗೆಣಸನ್ನೂ ಬಾಳೆಕಾಯಿಯನ್ನೂ ಕುಟ್ಟಿ ಫುಫು ಮುದ್ದೆ ಮಾಡಿದವಳು ಲರಿಬಾ. ಉತ್ತರದ ಬೋಲ್ಗಾ ಕಡೆಯ ಫ್ರಾಫ್ರಾ ಬುಡಕಟ್ಟಿನ ಹೆಂಗಸು ಫುಫು ಕುಟ್ಟುವುದನ್ನು ಕಲಿತ ಬಗೆಯನ್ನು ಅಡಾರ್ಕ್ವಾ ನೆಂಟರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

“ಉಪ್ಪು ಸರಿಯಾಗಿದೆಯಾ ಯಜಮಾನ್ರೇ?”

“ಇದೆ ಇದೆ. ನಿಮ್ಮ ಕಡೆಯ ಜೋಳದ ಮುದ್ದೆ ತರಲಿಲ್ಲವಲ್ಲ, ಅಷ್ಟು ಸಾಕು,” ಎಂದು ಅಂಪೋಫೊ ಮೂರು ಬೆರಳಿನಿಂದ ತುತ್ತು ಮುರಿದ. ಬೋಟೆಮಾ ನಕ್ಕಳು. ಲರಿಬಾ ಪಾತ್ರೆಯ ಮುಚ್ಚಳ ತೆಗೆದುಕೊಂಡು ಹೋದಳು.

ಎರಡು ದಿನ ಒದ್ದಾಡಿ ಅಡೋಮಾ ಪ್ರಿಂಟರಿನ ಗುಟ್ಟು ಕಂಡುಕೊಂಡಳು. ಹಾಳೆ ಹಿಡಿದೆಳೆಯಲು ಪ್ರಿಂಟರಿಗೆ ಅಂಚು ಬೇಕು; ಅದಕ್ಕೇ ಆ ಬಿಳಿ. ಆದರೆ ಅಂಚು ಬಿಡಬೇಡವೆಂದು ಹೇಳುವ ಒಂದು ಆಯ್ಕೆಯೂ ಅದರಲ್ಲಿದೆ. ಆಗ ಅದು ಚಿತ್ರವನ್ನು ಹಾಳೆಗಿಂತ ತುಸು ದೊಡ್ಡದಾಗಿ ಹಿಗ್ಗಿಸುತ್ತದೆ. ಹಾಳೆಯಿಂದಾಚೆ ಚೆಲ್ಲಿದ ಬಣ್ಣವನ್ನು ಒಳಗಿನ ಸ್ಪಂಜು ಕುಡಿಯುತ್ತದೆ. ಬಿಳಿ ಹೋಗುತ್ತದೆ. ಜೊತೆಗೆ ಚಿತ್ರದ ಅಂಚಿನಲ್ಲಿ ಇದ್ದದ್ದೂ ಹೋಗುತ್ತದೆ.

ಮುಖಪುಟಕ್ಕೆ ಇದರಿಂದ ತೊಂದರೆಯಾಗಲಿಲ್ಲ. ಅಡಾರ್ಕ್ವಾನ ಮುಖ ನಡುವಿನಲ್ಲಿತ್ತು. ತೊಡಕು ಬಂದದ್ದು ಹಿಂಬದಿಯ ಪುಟದಲ್ಲಿ. ಅಲ್ಲಿಗೆಂದು ಆರಿಸಿದ್ದು ಈಸ್ಟರ್ ಹಬ್ಬದ ದಿನ ಮನೆಯವರೆಲ್ಲ ಸಾಲಾಗಿ ನಿಂತಾಗ ಅಡೋಮಾಳೇ ಮೊಬೈಲಿನಲ್ಲಿ ತೆಗೆದ ಚಿತ್ರ. ಎಡತುದಿಯಲ್ಲಿ ಅಂಪೋಫೊ, ಅವನ ಪಕ್ಕ ಕುರ್ಚಿಯಲ್ಲಿ ಅಡಾರ್ಕ್ವಾನ ತಾಯಿ ನಾನಾ ಡುಫಿಯೆ, ಆಮೇಲೆ ಬೋಟೆಮಾ, ಅಡಾರ್ಕ್ವಾ, ಫ್ರೆಮಾ. ಬಲತುದಿಯಲ್ಲಿ ಮಗಳ ಭುಜದ ಮೇಲೆ ಕೈಯಿಟ್ಟು ಲರಿಬಾ. ಚಿತ್ರ ಬಹಳ ಅಗಲ. ಅಡ್ಡಲಾಗಿ ಇಟ್ಟು ಹಾಳೆಯ ತುಂಬ ಹಿಗ್ಗಿಸಿದರೆ ಎರಡು ತುದಿಯೂ ಹಾಳೆಯಿಂದ ಹೊರಗೆ ಬೀಳುತ್ತಿದ್ದವು.

“ನನ್ನ ಭುಜ ಎಲ್ಲಿ?” ಅಂಪೋಫೊ ಗುಡುಗಿದ. “ಹೊದ್ದ ಬಟ್ಟೆಯ ಅರ್ಧ ಎಲ್ಲಿ? ಕುಲದ ಯಜಮಾನನಿಗೆ ಒಂದೇ ಕೈಯಾ?”

“ಎರಡೂ ಕಡೆ ಸಮನಾಗಿ ಕತ್ತರಿಸುತ್ತೆ ಅಜ್ಜ. ಅತ್ತೆದೂ ಅರ್ಧ ಹೋಗಿದೆ ನೋಡಿ.”

“ಅವಳ ವಿಷಯ ಬಿಡು. ನನ್ನದು ಸರಿ ಮಾಡು.”

“ಚಿತ್ರವನ್ನ ಪಕ್ಕಕ್ಕೆ ಎಳಿಯೇ,” ಎಂದಳು ಬೋಟೆಮಾ. “ಇಷ್ಟೂ ಗೊತ್ತಾಗಲ್ವಾ?”

ಅಡೋಮಾ ಎಳೆದಳು. ಅಂಪೋಫೊ ಪೂರ್ತಿಯಾಗಿ ಹಾಳೆಯೊಳಕ್ಕೆ ಬಂದ. ಲರಿಬಾ ಪೂರ್ತಿಯಾಗಿ ಹೊರಕ್ಕೆ ಹೋದಳು. ಫ್ರೆಮಾಳ ಹಳದಿ ಅಂಗಿಯ ಭುಜದ ಮೇಲೆ ತಾಯಿಯ ನಾಲ್ಕು ಬೆರಳು ಮಾತ್ರ ಉಳಿದವು.

ಆ ಹಾಳೆಯನ್ನು ಲರಿಬಾ ಕಂಡದ್ದು ಮರುದಿನ ಬೆಳಿಗ್ಗೆ, ಮುಂಗೋಣೆ ಗುಡಿಸುವಾಗ. ಪೊರಕೆಯನ್ನು ಗೋಡೆಗೊರಗಿಸಿ ಬಹಳ ಹೊತ್ತು ನೋಡಿದಳು.

“ಅಕ್ಕ, ಇದರಲ್ಲಿ ನಾನಿಲ್ಲ.”

ಬೋಟೆಮಾ ಚಹಾದಲ್ಲಿ ಬ್ರೆಡ್ಡು ಅದ್ದುತ್ತಿದ್ದಳು. “ಪ್ರಿಂಟರು ಕತ್ತರಿಸಿತು ಕಣೆ. ನಾನೇನು ಮಾಡ್ಲಿ? ಬಿಳಿ ಬೇಡ ಅಂದ್ರೆ ಹಾಗೇ ಆಗೋದು.”

“ಒಳಗಡೆ ವಿಧವೆ ಅಂತ ನನ್ನ ಹೆಸರಾದ್ರೂ ಇದೆಯಾ?”

“ಮಕ್ಕಳು ಅಂತ ಫ್ರೆಮಾ ಹೆಸರಿದೆ.”

“ನನ್ನ ಹೆಸರು ಕೇಳಿದೆ ಅಕ್ಕ.”

“ಬೆಳಿಗ್ಗೆ ಬೆಳಿಗ್ಗೆ ಶುರು ಮಾಡ್ಬೇಡ. ಪಟ್ಟಿ ಬರ್ಕೊಟ್ಟಿದ್ದು ಮಾವ. ಅವರನ್ನೇ ಕೇಳು.”

ಲರಿಬಾ ಪೊರಕೆ ತೆಗೆದುಕೊಂಡಳು. ಅವಳಿಗೆ ಬೇಕಾದದ್ದು ಚಿತ್ರದಲ್ಲಿ ಮೆರೆಯುವ ಸುಖವಲ್ಲ. ರಸ್ತೆಯ ಕಡೆಗೆ ಮುಖ ಮಾಡಿದ ಎರಡು ಕೋಣೆಗಳನ್ನು ಅಡಾರ್ಕ್ವಾ ಮೆಕ್ಯಾನಿಕ್ ಕೆಲಸದ ದುಡಿಮೆಯಿಂದ ಕಟ್ಟಿಸಿದ್ದ. ಅವಳೂ ತಲೆಯ ಮೇಲೆ ಮರಳು ಹೊತ್ತಿದ್ದಳು. ಅವುಗಳಲ್ಲಿ ಅವಳೂ ಮಗಳೂ ಮಲಗುತ್ತಿದ್ದರು. ನಾಳೆ ಯಾರಾದರೂ ‘ನೀನು ಯಾರು’ ಎಂದು ಕೇಳಿದರೆ ತೋರಿಸಲು ಈ ಪುಸ್ತಕ ಬೇಕಾಗಿತ್ತು. ಅವರ ಮದುವೆ ಚರ್ಚಿನಲ್ಲಾಗಿರಲಿಲ್ಲ, ನೋಂದಣಿ ಕಚೇರಿಯಲ್ಲಾಗಿರಲಿಲ್ಲ. ಎರಡು ಮನೆತನಗಳ ಹಿರಿಯರ ಬಾಯಿಮಾತಿನಲ್ಲಾಗಿತ್ತು. ಹಿರಿಯರ ಬಾಯಿಮಾತು ಹಿರಿಯರ ಕೈಯಲ್ಲೇ ಇರುತ್ತದೆ. ಬೇಕೆನಿಸಿದಾಗ ಅವರು ಅದನ್ನು ನುಂಗಬಲ್ಲರು.

ಅತ್ತೆ ಗುಡಿಸಿ ಹೋದದ್ದನ್ನು ಅಡೋಮಾ ನೋಡಿದ್ದಳು. ಆ ದಿನವೆಲ್ಲ ಅವಳು ಕಂಪ್ಯೂಟರಿನ ಮುಂದಿನಿಂದ ಏಳಲಿಲ್ಲ. ಸಂಜೆ ನಾಲ್ಕಕ್ಕೆ ಹೊಸ ಹಾಳೆಯೊಂದನ್ನು ತಾಯಿಯ ಮುಂದೆ ಹರವಿದಳು. ಚಿತ್ರವನ್ನು ಹಿಗ್ಗಿಸದೆ ಅಗಲಕ್ಕೆ ಸರಿಯಾಗಿ ಕೂರಿಸಿ, ಮೇಲೆ ಉಳಿದ ಜಾಗಕ್ಕೆ ಕೆಂಪು ಪಟ್ಟಿ, ಕೆಳಗೆ ಕಪ್ಪು ಪಟ್ಟಿ ತುಂಬಿದ್ದಳು. ಎರಡೂ ತುದಿಗಳಲ್ಲಿ, ಚಿತ್ರದಲ್ಲಿ ಅವರ ಹಿಂದಿದ್ದ ಗೋಡೆಯ ಬಣ್ಣವನ್ನು ಹಾಳೆಯಿಂದಾಚೆಗೂ ಒಂದಿಷ್ಟು ಬೆಳೆಸಿದ್ದಳು. ಪ್ರಿಂಟರು ಕತ್ತರಿಸುವುದಾದರೆ ಬರಿಯ ಗೋಡೆಯನ್ನೇ ಕತ್ತರಿಸಬೇಕಿತ್ತು.

“ಬಿಳಿ ಒಂದು ಚೂರೂ ಇಲ್ಲ. ಅಜ್ಜನ ಭುಜ ಇದೆ. ಅತ್ತೆಯೂ ಇದ್ದಾರೆ. ಎಲ್ಲರೂ ಇದ್ದಾರಮ್ಮ!”

ಬೋಟೆಮಾಳ ಮುಖ ಒಂದು ಕ್ಷಣ ಅರಳಿದ್ದು ನಿಜ, ಕಸುಬು ಬಲ್ಲವಳು. “ಪಟ್ಟಿ ಚೆನ್ನಾಗಿದೆ ಕಣೆ. ಮುಂದಿನ ಗಿರಾಕಿಗಳಿಗೆ ಹೀಗೇ ಮಾಡೋಣ.”

“ಮುಂದಿನವರಿಗಾ? ಮಾಮನಿಗೆ?”

ಅಷ್ಟರಲ್ಲಿ ಬಂದ ಅಂಪೋಫೊ ಕನ್ನಡಕ ಏರಿಸಿ ಹಾಳೆಯನ್ನು ಎಡದಿಂದ ಬಲಕ್ಕೆ ನೋಡಿದ. ಬಲತುದಿಯಲ್ಲಿ ಅವನ ಕಣ್ಣು ನಿಂತಿತು.

“ನಿನ್ನೆಯದೇ ಇರಲಿ.”

“ಯಾಕಜ್ಜ? ಇದರಲ್ಲಿ ಏನು ತಪ್ಪಿದೆ?”

“ತಪ್ಪು ಅಂತ ನಾನು ಅಂದ್ನಾ? ನಿನ್ನೆಯದು ಚೆನ್ನಾಗಿತ್ತು.”

“ನಿನ್ನೆ ಪ್ರಿಂಟರು ಕತ್ತರಿಸಿತು ಅಂತ ಅಮ್ಮ ಅಂದ್ಳು. ಇವತ್ತು ಪ್ರಿಂಟರು ಕತ್ತರಿಸ್ತಿಲ್ಲವಲ್ಲ!”

ಅಂಪೋಫೊ ಬೋಟೆಮಾಳ ಕಡೆ ತಿರುಗಿದ. “ನಿನ್ನ ಮಗಳಿಗೆ ಶಾಲೆಯಲ್ಲಿ ಎಲ್ಲಾ ಕಲಿಸಿದ್ದಾರೆ, ಹಿರಿಯರೆದುರು ಬಾಯಿ ಮುಚ್ಚೋದೊಂದು ಬಿಟ್ಟು.”

ಅವನು ಹೋದ ಮೇಲೆ ತಾಯಿ ಮಗಳಿಗೆ ಜಗಳ ಹತ್ತಿತು.

“ಆ ಕೋಣೆಗಳು ನಿನಗೆ ಬೇಕು, ಅದಕ್ಕೆ ತಾನೆ?” ಎಂದಳು ಅಡೋಮಾ.

“ಬೇಕು. ಏನೀಗ? ರಸ್ತೆ ಬದಿಗೆ ಪ್ರಿಂಟರಿಟ್ರೆ ನಾಲ್ಕು ಜನ ಬರ್ತಾರೆ. ಜಾಗ ನಮ್ಮ ಕುಲದ್ದು. ಸತ್ತವನ ಆಸ್ತಿ ಅವನ ತಾಯಿಯ ಕಡೆಗೆ ಬರೋದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ.”

“ಫ್ರೆಮಾ ಎಲ್ಲಿಗೆ ಹೋಗ್ಬೇಕು?”

“ಮಗು ತಾಯಿ ಕುಲಕ್ಕೆ ಸೇರಿದ್ದು.”

“ಅವಳ ತಾಯಿ ಕಡೆಯವರು ಮಗು ತಂದೆ ಕುಲಕ್ಕೆ ಸೇರಿದ್ದು ಅಂತಾರೆ. ನಿಮ್ಮ ಪದ್ಧತಿಗೂ ಅವರ ಪದ್ಧತಿಗೂ ನಡುವೆ ಆ ಮಗು ನಿಲ್ಲೋಕೆ ಒಂದಡಿ ನೆಲ ಇದೆಯಾ?”

“ನನ್ನನ್ನೇನು ಕೇಳ್ತೀಯ? ಪದ್ಧತಿ ನಾನು ಮಾಡಿದ್ನಾ? ನಿನ್ನ ಕಾಲೇಜಿನ ಫೀಸಿಗೆ ಅಂಗಡಿ ನಡೀಬೇಕು. ಅದು ನೆನಪಿರ್ಲಿ. ಮತ್ತೆ ಆ ಬೆರಳುಗಳ ಮೇಲೆ ಅಂಗಿ ಬಣ್ಣ ಬಳಿದುಬಿಡು, ಅಸಹ್ಯವಾಗಿ ಕಾಣುತ್ತೆ.”

“ಅದು ಮಾತ್ರ ನನ್ನ ಕೈಯಲ್ಲಿ ಆಗಲ್ಲ. ಬೇಕಾದ್ರೆ ನೀನೇ ಬಳಿ.”

ಬೋಟೆಮಾಳಿಗೆ ಕಂಪ್ಯೂಟರಿನಲ್ಲಿ ಬಳಿಯಲು ಬರುತ್ತಿರಲಿಲ್ಲ. ಬೆರಳುಗಳು ಉಳಿದವು. ಆದರೆ ಪುಸ್ತಕ ಅಚ್ಚು ಮಾಡಿದವಳು ಅಡೋಮಾಳೇ. ಕರೆಂಟು ಬಂದಾಗ ಬಂದಾಗ ಕುಳಿತು, ನಾಲ್ಕು ದಿನದಲ್ಲಿ ನೂರಿಪ್ಪತ್ತು ಪ್ರತಿಗಳನ್ನು ಮುಗಿಸಿದಳು. ಬೆರಳು ಅಳಿಸೆನೆಂದು ಹಟ ಹಿಡಿದವಳು, ಮನುಷ್ಯಳನ್ನು ಅಳಿಸಿದ ಹಾಳೆಗಳನ್ನು ಜೋಡಿಸಿ ಪಿನ್ನು ಹೊಡೆದಳು. ಅನ್ಯಾಯವನ್ನು ಕಂಡು ಮರುಗುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಮರುಗುತ್ತಲೇ ಅದರ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುವವರೂ ಅವರೇ.

ಶನಿವಾರ ಶವಸಂಸ್ಕಾರವಾಯಿತು. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೆಂಪು ಕಪ್ಪು ಬಟ್ಟೆಯ ಜನ ತುಂಬಿದರು. ಧ್ವನಿವರ್ಧಕದಲ್ಲಿ ಒಬ್ಬ ಬಂಧುಗಳ ಹೆಸರು ಓದಿದ: ತಾಯಿ, ಕುಲದ ಯಜಮಾನ, ಸೋದರಿ, ಮಗಳು, ಸೋದರಸೊಸೆ. ಲರಿಬಾ ಕಪ್ಪು ಬಟ್ಟೆಯುಟ್ಟು ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಬೆಳಗಿನಿಂದ ಅನ್ನ ಬೇಯಿಸಿ ಅವಳ ಮೈಯೆಲ್ಲ ಹೊಗೆ ನಾರುತ್ತಿತ್ತು.

ಮುಂದಿನ ಸಾಲಿನ ಇಬ್ಬರು ಹೆಂಗಸರು ಪುಸ್ತಕ ತಿರುವಿದರು.

“ಮುಖಪುಟ ನೋಡೇ, ಒಂಚೂರು ಬಿಳಿಯಿಲ್ಲ. ಬೋಟೆಮಾ ಕೈ ಅಂದ್ರೆ ಕೈ.”

“ಹಿಂದುಗಡೆ ನೋಡು. ಈ ಮಗುವಿನ ಭುಜದ ಮೇಲೆ ಯಾರ ಬೆರಳಿವು?”

“ಅಡಾರ್ಕ್ವಾದೇ ಇರ್ಬೇಕು.”

“ಅವನ ಎರಡೂ ಕೈ ಇಲ್ಲೇ ಇದೆಯಲ್ಲೇ!”

“ಹಾಗಾದ್ರೆ ಮೂರನೇದು. ಮೆಕ್ಯಾನಿಕ್ ಅಲ್ವಾ, ಒಂದು ಹೆಚ್ಚಿಗೆ ಇಟ್ಕೊಂಡಿದ್ದ ಅನ್ಸುತ್ತೆ.”

ಇಬ್ಬರೂ ಹೊದ್ದ ಬಟ್ಟೆಯ ತುದಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ಹಿಂದೆ ಲರಿಬಾ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದಳು.

ಮುಂದಿನ ವಾರ ಬೋಟೆಮಾ ಅಳತೆಟೇಪು ಹಿಡಿದು ಆ ಎರಡು ಕೋಣೆಗಳಿಗೆ ಬಂದಳು. ಲರಿಬಾ ಹಾಸಿಗೆಯ ಮೇಲೆ ಬಟ್ಟೆ ಮಡಿಸುತ್ತಿದ್ದಳು.

“ಏನು ಅಳೀತಿದೀರಿ ಅಕ್ಕ?”

“ಮೇಜು ಹಿಡಿಯುತ್ತಾ ಅಂತ.”

“ಯಾವ ಮೇಜು?”

ಬೋಟೆಮಾ ಟೇಪು ಸುತ್ತಿಕೊಂಡು ಹೊರಟಳು. ಲರಿಬಾ ಮರುದಿನವೇ ಪೇಟೆಯ ಕಾನೂನು ನೆರವಿನ ಕಚೇರಿಯೊಂದಕ್ಕೆ ಹೋಗಿ ವಿಚಾರಿಸಿದಳು. ಹೆಂಡತಿ ಮಕ್ಕಳಿಗೆ ಕಾನೂನಿನಲ್ಲಿ ಹಕ್ಕಿದೆಯೆಂದೂ, ಹೆಂಡತಿಯೆಂಬುದಕ್ಕೆ ಮನೆಯ ಹಿರಿಯರೊಬ್ಬರ ಮಾತು ಬೇಕೆಂದೂ, ಶವಸಂಸ್ಕಾರದ ಪುಸ್ತಕವನ್ನೂ ತರಬೇಕೆಂದೂ ಅಲ್ಲಿಯ ಗುಮಾಸ್ತೆ ಹೇಳಿದಳು. ಲರಿಬಾ ಪುಸ್ತಕ ತೋರಿಸಿದಳು. ಗುಮಾಸ್ತೆ ಹಿಂದುಮುಂದು ತಿರುವಿ, “ಇದರಲ್ಲಿ ನೀವೆಲ್ಲಮ್ಮ?” ಎಂದಳು.

ಮನೆಗೆ ಬಂದವಳು ಅಡೋಮಾಳ ಮುಂದೆ ನಿಂತಳು. “ಆ ದಿನ ಒಂದು ಹಾಳೆ ಮಾಡಿದ್ಯಲ್ಲ, ಎಲ್ಲರೂ ಇದ್ದದ್ದು. ಅದನ್ನ ಕೊಡು.”

“ಕೊಡ್ತೀನಿ ಅತ್ತೆ. ಆಸ್ತಿ ಮಾತಾಡೋಕೆ ಹಿರಿಯರು ಸೇರ್ತಾರಲ್ಲ, ಆ ನಲವತ್ತನೇ ದಿನದ ಸಭೆಯಲ್ಲಿ ನಾನೂ ಹೇಳ್ತೀನಿ.”

“ನೀನು ಹೇಳೋ ದಿನ ಕಳೆದುಹೋಯ್ತು ಕಂದ. ಹಾಳೆ ಕೊಡು ಸಾಕು.”

ನಲವತ್ತನೆಯ ದಿನ ಬೆಳಿಗ್ಗೆ ಅಂಗಳದ ಮಾವಿನ ಮರದಡಿ ಕುಲದ ಹಿರಿಯರು ಸೇರಿದರು. ಲರಿಬಾ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅಂಪೋಫೊನಿಗೆ ಕೊಟ್ಟಳು. ಅವನು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ಅಡೋಮಾ, ಎದ್ದು ನಿಲ್ಲು. ಇದು ನಿನ್ನ ಪ್ರಿಂಟರಿನಿಂದ ಬಂದದ್ದಾ?”

“ಹೌದು ಅಜ್ಜ.”

“ಈ ಕೆಂಪು ಪಟ್ಟಿ ಈಸ್ಟರಿನ ದಿನ ನಮ್ಮ ತಲೆ ಮೇಲೆ ಇತ್ತಾ?”

“ಇರ್ಲಿಲ್ಲ.”

“ಕಾಲ ಕೆಳಗೆ ಈ ಕಪ್ಪು?”

“ಇಲ್ಲ. ನಾನು ಸೇರಿಸಿದ್ದು. ಆದ್ರೆ ಅತ್ತೆ ಅಲ್ಲೇ ನಿಂತಿದ್ರು, ಚಿತ್ರ ತೆಗೆದಿದ್ದೇ ನಾನು…”

“ಕೇಳಿದ್ದಕ್ಕಷ್ಟೇ ಉತ್ತರ. ಚಿತ್ರ ತಿದ್ದಿದ್ದೀಯೋ, ಇಲ್ಲವೋ?”

ಅಡೋಮಾ ತಾಯಿಯ ಮುಖ ನೋಡಿದಳು. “ತಿದ್ದಿದ್ದೀನಿ.”

“ಕೇಳಿದಿರಲ್ಲ,” ಎಂದ ಅಂಪೋಫೊ. “ಮನೆಯ ಪ್ರಿಂಟರಿನಲ್ಲಿ ಬೇಕಾದವರನ್ನು ತಂದು ನಿಲ್ಲಿಸಬಹುದು. ನಾಳೆ ಊರಿನ ದೊರೆಯನ್ನೂ ನನ್ನ ಪಕ್ಕ ನಿಲ್ಲಿಸ್ತಾಳೆ ಈ ಹುಡುಗಿ.”

ಹಿರಿಯರು ನಕ್ಕರು.

“ಹಾಗಾದ್ರೆ ಪುಸ್ತಕದಲ್ಲಿ ಕತ್ತರಿಸಿದ್ದೂ ತಿದ್ದಿದ್ದೇ ಅಲ್ವಾ?” ಅಡೋಮಾಳ ದನಿ ಒಡೆಯಿತು.

“ಕೂತ್ಕೋ!” ಎಂದಳು ಬೋಟೆಮಾ. ಅಡೋಮಾ ಕುಳಿತಳು.

ಲರಿಬಾ ಮುಂದೆ ಬಂದಳು. “ಯಜಮಾನ್ರೇ, ಚಿತ್ರ ಬಿಡಿ. ಬೋಲ್ಗಾದಲ್ಲಿ ನಮ್ಮಪ್ಪನ ಅಂಗಳಕ್ಕೆ ಹೆಣ್ಣು ಕೇಳೋಕೆ ಮದ್ಯದ ಬಾಟ್ಲಿ ಹಿಡ್ಕೊಂಡು ಬಂದಿದ್ದು ಯಾರು? ನೀವೇ. ನಿಮ್ಮ ತಟ್ಟೆಗೆ ಗಿನಿಕೋಳಿ ಬಡಿಸಿದ್ದು ನಾನೇ.”

“ಬಂದಿದ್ದೆ, ಇಲ್ಲ ಅನ್ನಲ್ಲ. ತೆರದ ನಾಲ್ಕು ಹಸು ಬರದೆ ಮದುವೆ ಮುಗಿಯಲ್ಲ ಅಂತ ನಿಮ್ಮಪ್ಪನೇ ಅಂದ. ನಾಲ್ಕು ಹೋಗಿದೆಯಾ?”

“ಎರಡು ಹೋಗಿದೆ. ಉಳಿದದ್ದು ಕೊಡೋದ್ರೊಳಗೆ ಅವರು…”

“ಎರಡು ಹಸುವಿಗೆ ಅರ್ಧ ಹೆಂಡತಿ,” ಎಂದನೊಬ್ಬ ಹಿರಿಯ ಹಿಂದಿನಿಂದ. “ಪುಸ್ತಕದಲ್ಲಿ ಬೆರಳು ಬಂದಿದೆ, ಲೆಕ್ಕ ಸರಿಯಾಗೇ ಇದೆ.”

ಮತ್ತೆ ನಗು. ಆ ಅಂಗಳದಲ್ಲಿ ಕುಳಿತ ಒಬ್ಬೊಬ್ಬರೂ ಅವಳು ಕುಟ್ಟಿದ ಫುಫು ತಿಂದವರು. ಅವಳು ಅಡಾರ್ಕ್ವಾನ ಹೆಂಡತಿಯೆಂಬುದು ಗೊತ್ತಿಲ್ಲದವರು ಒಬ್ಬರೂ ಅಲ್ಲಿರಲಿಲ್ಲ. ಅದಕ್ಕಾಗಿಯೇ ಅವರಿಗೆ ಸಾಕ್ಷಿ ಬೇಕಾಗಿತ್ತು. ಗೊತ್ತಿರುವುದನ್ನು ಮರೆಯಲು ಸಾಕ್ಷಿ ಕೇಳುವುದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಲರಿಬಾ ಅಂಪೋಫೊನಿಂದ ಹಾಳೆ ತೆಗೆದುಕೊಂಡು ಕುರ್ಚಿಯಲ್ಲಿದ್ದ ಮುದುಕಿ ನಾನಾ ಡುಫಿಯೆಯ ಎದುರು ಮಂಡಿಯೂರಿದಳು. “ಅತ್ತೆ, ನೀವು ಹೆತ್ತವರು. ಕಚೇರಿಯವರು ಹಿರಿಯರ ಒಂದು ಮಾತು ಸಾಕು ಅಂದಿದ್ದಾರೆ. ಈ ಹಾಳೆಯಲ್ಲಿ ಕೊನೆಗೆ ನಿಂತಿರೋದು ಯಾರು, ಹೇಳಿ.”

ನಾನಾ ಡುಫಿಯೆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು. ತಮ್ಮ ಅಂಪೋಫೊನ ಕಡೆ ನೋಡಿದಳು, ಮಗಳು ಬೋಟೆಮಾಳ ಕಡೆ ನೋಡಿದಳು. ಆ ಬೆಳಿಗ್ಗೆ ಅವಳು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸಿದ್ದಳು.

“ನನಗೆ ಕಣ್ಣು ಕಾಣಿಸಲ್ಲಮ್ಮ.”

ಲರಿಬಾ ನಿಧಾನವಾಗಿ ಎದ್ದಳು. ಅಂಪೋಫೊ ಗಂಟಲು ಸರಿಮಾಡಿಕೊಂಡ.

“ತಿಂಗಳ ಕೊನೆಯೊಳಗೆ ಕೋಣೆ ಬಿಡು. ನಾವೇನು ಕಲ್ಲುಹೃದಯದವರಲ್ಲ. ಹುಡುಗಿ ಬೇಕಾದ್ರೆ ಇಲ್ಲೇ ಇರ್ಲಿ. ನಮ್ಮಕ್ಕನಿಗೆ ನೀರು ಕಾಯಿಸೋಕೆ, ಅಂಗಳ ಗುಡಿಸೋಕೆ ಒಬ್ಬರು ಬೇಕೇ ಬೇಕು.”

“ಮೊಮ್ಮಗಳಾಗಿ ಇರ್ಬೇಕೋ, ಕೆಲಸದವಳಾಗೋ?” ಎಂದಳು ಲರಿಬಾ.

ಅಜ್ಜಿಯ ಕುರ್ಚಿಯ ಬಳಿ ನೆಲದ ಮೇಲೆ ಕುಳಿತಿದ್ದ ಫ್ರೆಮಾ ತಲೆಯೆತ್ತಿದಳು. ಆ ನಾಡಿನಲ್ಲಿ ‘ನಾನಾ’ ಎಂದರೆ ಅಜ್ಜಿಯೂ ಹೌದು, ಮೊಮ್ಮಗುವೂ ಹೌದು; ಮುದುಕಿ ಮಗುವನ್ನೂ ಮಗು ಮುದುಕಿಯನ್ನೂ ಹುಟ್ಟಿದಂದಿನಿಂದ ಆ ಒಂದೇ ಮಾತಿನಿಂದ ಕರೆದುಕೊಂಡಿದ್ದರು.

“ನಾನಾ, ನಾಳೆಯಿಂದ ನಾನು ನಿಮ್ಮನ್ನ ಏನಂತ ಕರೀಬೇಕು?”

ಮುದುಕಿಯ ತುಟಿ ಅಲುಗಿತು. ಉತ್ತರ ಕೊಟ್ಟವನು ಅಂಪೋಫೊ.

“ಅಮ್ಮಾವ್ರೇ ಅಂತ ಕರಿ. ಅಷ್ಟು ಸಾಕು.”

ಫ್ರೆಮಾ ಇನ್ನೂ ಅಜ್ಜಿಯ ಬಾಯನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಕಾದು, ಅಲ್ಲಿಂದ ಏನೂ ಬಾರದ್ದನ್ನು ಕಂಡು, ಎದ್ದು, ಆಗಲೇ ಹೊರಟಿದ್ದ ತಾಯಿಯ ಹಿಂದೆ ಕೋಣೆಯ ಕಡೆಗೆ ನಡೆದಳು, ಅವಳ ಜೊತೆ ಹೋಗಲು ತನ್ನ ಶಾಲೆಯ ಬಟ್ಟೆಗಳನ್ನು ಕಟ್ಟಿಕೊಳ್ಳಲು.